ಎರಡು ಸೀಟಿಯ ನಗು

೨೦೦೬-೦೭ನೇ ಸಾಲಿನಲ್ಲಿ ನಮ್ಮ ಶಾಲೆಯ ಇಪ್ಪತ್ತಮೂರು ಮಕ್ಕಳೂ ದಿನಕ್ಕೆ ನಲವತ್ತು ನಿಮಿಷದಂತೆ ತಪ್ಪದೆ ನಕ್ಕಿದ್ದಾರೆ. ಜ್ವರ ಬಂದು ಮನೆಯಲ್ಲಿ ಮಲಗಿದವರೂ ನಕ್ಕಿದ್ದಾರೆ. ಇದಕ್ಕೆ ದಾಖಲೆಯಿದೆ, ದಾಖಲೆಗೆ ಮೊಹರಿದೆ, ಮೊಹರಿನ ಪಕ್ಕದಲ್ಲಿ ಮುಖ್ಯಾಧ್ಯಾಪಕನಾದ ನನ್ನ ಸಹಿಯಿದೆ. ಗಜಾನನ ಹೆಗಡೆ ಸುಳ್ಳು ಬರೆದ ಎಂದು ಕಾರವಾರದಿಂದ ಅಂಕೋಲೆಯವರೆಗೆ ಯಾರೂ ಹೇಳಲಾರರು. ಒಂದೇ ಒಂದು ಸಲ ನಿಜ ಬರೆದೆ. ತೊಂದರೆಯಾದದ್ದು ಅಲ್ಲಿಂದಲೇ.

ತೋಡೂರಿನಿಂದ ಅಮದಳ್ಳಿಗೆ ಹೋಗುವ ದಾರಿಯಲ್ಲಿ, ನೌಕಾನೆಲೆಗೆಂದು ಸಮುದ್ರದ ಬದಿಯಿಂದ ಎಬ್ಬಿಸಿ ತಂದು ಕೂರಿಸಿದ ಮನೆಗಳ ನಡುವೆ ನಮ್ಮ ಶಾಲೆ. ಎರಡು ಕೋಣೆ, ಇಬ್ಬರು ಶಿಕ್ಷಕರು. ಒಬ್ಬ ನಾನು, ಇನ್ನೊಬ್ಬರು ವೈಜಯಂತಿ ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎಂದೇ ಕರೆಯುವುದು. ಅಕ್ಕೋರಿಗೆ ಉತ್ಸಾಹ ಜಾಸ್ತಿ. ನೌಕರಿಗೆ ಸೇರಿ ಆರು ವರ್ಷವಾದರೂ ಅದು ಇಳಿದಿರಲಿಲ್ಲ, ಇದನ್ನು ನಾನು ಆಗಾಗ ಅವರ ಗಮನಕ್ಕೆ ತಂದಿದ್ದೆ.

ಎರಡನೇತ್ತಿಯಲ್ಲಿ, ಅಂದರೆ ಎರಡನೇ ತರಗತಿಯಲ್ಲಿ, ದುರ್ಗಾ ಎಂಬ ಹುಡುಗಿ. ಶಾಲೆಗೆ ಸೇರಿ ಒಂದು ವರ್ಷವಾದರೂ ಬಾಯಿ ಬಿಟ್ಟವಳಲ್ಲ. ಮನೆಯಲ್ಲಿ ಅವರದೇ ಒಂದು ನಮೂನೆಯ ಮಾತು, ಇಲ್ಲಿ ಪುಸ್ತಕದ ಮಾತು, ಎರಡರ ನಡುವೆ ಸಿಕ್ಕಿ ಸುಮ್ಮನೆ ಕೂತುಬಿಟ್ಟಿತ್ತು ಪಾಪ. ಜೂನ್ ತಿಂಗಳಲ್ಲಿ ಅವಳ ತಾಯಿ ಮಂಜಿ, ಕಂಕುಳಲ್ಲಿ ಮತ್ತೊಂದು ಕೂಸನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಇವಳು ಪರೀಕ್ಷೆ ಒಳಗೆ ಬಾಯಿಬಿಟ್ಟು ನೂರು ಎಣಿಸಿದ್ರೆ ಮೂರನೇತ್ತಿಗೆ ಕಳಸ್ತೆ ಅಕ್ಕೋರೇ. ಇಲ್ಲ ಅಂದ್ರೆ ಮನೇಲೇ ಇರಲಿ. ನಾ ಗದ್ದೆ ಕೆಲ್ಸಕ್ಕೆ ಹೋದ್ರೆ ಕೂಸು ನೋಡೂಕೆ ಜನ ಇಲ್ಲ."

ಅಕ್ಕೋರು ಆಗಲಿ ಎಂದರು. ಮರುದಿನದಿಂದ ಪಾಠ ಬಿಟ್ಟು ಬಳಚಿನ ಚಿಪ್ಪಿ ಹಿಡಿದರು. ಬಳಚು ಅಂದರೆ ಹಿನ್ನೀರಿನ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿ. ಈ ಕೇರಿಯಲ್ಲಿ ಭಾನುವಾರ ಯಾರ ಮನೆಯಲ್ಲಿ ಏನು ಸಾರು ಎಂಬುದು ಸೋಮವಾರ ಹಿತ್ತಲು ನೋಡಿದರೆ ತಿಳಿಯುತ್ತದೆ. ಮಕ್ಕಳು ಆ ಚಿಪ್ಪಿಗಳನ್ನು ತೊಳೆದು ತರುವುದು, ಬೊಗಸೆ ತುಂಬ ಮೇಲೆ ಹಾರಿಸುವುದು, ಮುಂಗೈ ತಿರುಗಿಸಿ ಹಿಡಿಯುವುದು, ಕೆಳಗೆ ಬಿದ್ದದ್ದನ್ನು ಎಣಿಸುವುದು. ಅದೇ ಗಣಿತ. ನಾನು ಸಸ್ಯಾಹಾರಿ, ಕಿಟಕಿ ತೆರೆದಿಟ್ಟು ಸಹಿಸಿಕೊಂಡೆ.

ಒಂದು ಮಧ್ಯಾಹ್ನ ಸುನಿಲ ಎಂಬುವನು ಬಿದ್ದ ಚಿಪ್ಪಿ ಹದಿನೆಂಟು ಎಂದು ಕೂಗಿದ. ಮೂಲೆಯಿಂದ ಒಂದು ಧ್ವನಿ ಬಂತು.

"ಸುಳ್ಳು. ಹದಿನೇಳೇ ಇರೂದು."

ದುರ್ಗಾ. ತಾನೇ ಮಾತಾಡಿದ್ದು ಎಂದು ಗೊತ್ತಾದಾಗ ಅವಳೇ ಕಿಲಕಿಲ ನಕ್ಕಳು, ಅವಳನ್ನು ನೋಡಿ ಇಡೀ ತರಗತಿ ನಕ್ಕಿತು. ಅಕ್ಕೋರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನೂ ಎದ್ದು ಹೋಗಿ ಎಣಿಸಿದೆ, ಹದಿನೇಳೇ ಇತ್ತು. ದಸರಾ ರಜೆಯ ಹೊತ್ತಿಗೆ ಹುಡುಗಿ ಅರವತ್ತರವರೆಗೆ ಬಂದಿದ್ದಳು.

ಆಗ ಮೇಲಿನಿಂದ 'ನಲಿವಿನ ಗಂಟೆ' ಎಂಬ ಯೋಜನೆ ಬಂತು. ಮಕ್ಕಳು ನಕ್ಕು ನಲಿದು ಕಲಿಯತಕ್ಕದ್ದು, ತಪ್ಪಿದಲ್ಲಿ ಕಾರಣ ಕೇಳಲಾಗುವುದು. ಜೊತೆಗೊಂದು ನಮೂನೆ ಇತ್ತು. ಅದರ ನಾಲ್ಕನೇ ಪ್ರಶ್ನೆ: ಯೋಜನೆಯ ಜಾರಿಗೆ ಮೊದಲು ಶಾಲೆಯಲ್ಲಿ ಮಕ್ಕಳು ನಗುತ್ತಿದ್ದರೇ? ನಾನು 'ಹೌದು' ಎಂದು ಬರೆದೆ. ಹಣಕೋಣದಿಂದ ಓಡಾಡುವ ನನ್ನ ಗೆಳೆಯನೊಬ್ಬ, ಅವನೂ ಮಾಸ್ತರನೇ, 'ಇಲ್ಲ' ಎಂದು ಬರೆದ. ಅವನಿಗೆ ಅಭಿನಂದನಾ ಪತ್ರ ಬಂತು. ನನಗೆ ಬಂದದ್ದು ಇದು:

"ತಮ್ಮ ಶಾಲೆಯಲ್ಲಿ ಅನುಮೋದನೆಗೆ ಮುಂಚಿತವಾಗಿಯೇ ನಗು ನಡೆದಿರುವುದು ಕಂಡುಬಂದಿರುತ್ತದೆ. ಸದರಿ ನಗು ಯಾರ ಆದೇಶದ ಮೇರೆಗೆ ನಡೆಯಿತು, ಅದಕ್ಕೆ ಬಳಸಿದ ಸಾಮಗ್ರಿ ಯಾವುದು ಎಂಬುದನ್ನು ಏಳು ದಿನಗಳೊಳಗೆ ತಿಳಿಸತಕ್ಕದ್ದು."

ಬಳಚಿನ ಚಿಪ್ಪಿ ಎಂದು ತಿಳಿಸಿದೆ. ಎಂಟನೇ ದಿನ ನಲಿವು ಸಂಯೋಜಕರಾದ ಮಂಗೇಶರು ಕಾರವಾರದಿಂದ ಬೈಕಿನಲ್ಲಿ ಬಂದರು. ಕೆಟ್ಟ ಮನುಷ್ಯರಲ್ಲ. ಮಕ್ಕಳ ಆಟ ನೋಡಿ ತಾವೂ ಎರಡು ಸಲ ಚಿಪ್ಪಿ ಹಾರಿಸಿದರು, ದುರ್ಗಾ ಅವರ ಎಣಿಕೆಯನ್ನೂ ತಿದ್ದಿದಳು, ಚಪ್ಪಾಳೆ ಹೊಡೆದರು. ಆಮೇಲೆ ಕುರ್ಚಿಯಲ್ಲಿ ಕೂತು ನಮೂನೆ ಬಿಡಿಸಿ ತುಂಬ ಹೊತ್ತು ತಲೆ ಕೆರೆದುಕೊಂಡರು.

"ನಗು ಚಲೋ ಉಂಟು ಸರ್. ಆದ್ರೆ ಇದನ್ನ ಯಾವ ಕಾಲಮಿನಲ್ಲಿ ಬರೀಲಿ?"

ನಮೂನೆಯಲ್ಲಿ ಅದಕ್ಕೆ ಕಾಲಮು ಇರಲಿಲ್ಲ. ಸ್ಥಳೀಯ ಸಾಮಗ್ರಿಯನ್ನು ಮಾದರಿಸಹಿತ ಕಳುಹಿಸಿ ಅನುಮೋದನೆ ಪಡೆಯಬೇಕು ಎಂದರು. ಎಷ್ಟು ಮಾದರಿ ಎಂದು ಕೇಳಿದ್ದಕ್ಕೆ, ಒಂದೊಂದು ಚಿಪ್ಪಿ ಒಂದೊಂದು ಥರ ಇರುವುದರಿಂದ ಎಲ್ಲವೂ ಮಾದರಿಯೇ ಎಂದು ತೀರ್ಮಾನಿಸಿ, ಅಕ್ಕಿಚೀಲದಲ್ಲಿ ತುಂಬಿ, ಬಾಯಿ ಹೊಲಿದು, ಅರಗು ಹಾಕಿ ಬೈಕಿಗೆ ಕಟ್ಟಿಕೊಂಡು ಹೋದರು.

ಹಿತ್ತಲಲ್ಲಿ ಬೇರೆ ಚಿಪ್ಪಿ ಇರಲಿಲ್ಲವೇ ಎಂದು ನೀವು ಕೇಳಬಹುದು. ರಾಶಿ ಇತ್ತು. ಮರುದಿನವೇ ದುರ್ಗಾ ಲಂಗದ ತುಂಬ ತಂದಳು. ಆದರೆ ಒಂದು ವಸ್ತುವಿನ ಅರ್ಜಿ ಪರಿಶೀಲನೆಯಲ್ಲಿರುವಾಗ ಆ ವಸ್ತುವಿನ ಬಳಗವನ್ನೆಲ್ಲ ಶಾಲೆಯ ಆವರಣದಿಂದ ಹೊರಗಿಡಬೇಕೆಂಬುದು ನಿಯಮ. ಅವಳ ಎದುರಿಗೇ ನಾನು ಅವನ್ನು ಕಂಪೌಂಡಿನಾಚೆ ಚೆಲ್ಲಿದೆ. ಆಮೇಲೆ ಸಂಜೆಯವರೆಗೂ ಅವಳ ಕಡೆ ನೋಡಲಾಗಲಿಲ್ಲ. ನಿಯಮ ಪಾಲಿಸುವಾಗ ಹಾಗಾಗುವುದು ಸಹಜವೆಂದು ನಿವೃತ್ತರಾದ ಹಿರಿಯರೊಬ್ಬರು ಹಿಂದೆಯೇ ಹೇಳಿದ್ದರು.

ಅಷ್ಟರಲ್ಲಿ ನಲಿವಿನ ಪೆಟ್ಟಿಗೆ ಬಂತು. ಒಳಗೆ ನಲವತ್ತು ನೀಲಿ ಪ್ಲಾಸ್ಟಿಕ್ ಚಿಪ್ಪಿ, ಒಂದು ಕೈಪಿಡಿ, ಒಂದು ಸೀಟಿ. ಸಮುದ್ರ ಕಾಣದ ಊರಲ್ಲಿ ಮಾಡಿದ್ದಿರಬೇಕು, ಚಿಪ್ಪಿಗಳಿಗೆ ಕಣ್ಣು ಬಿಡಿಸಿದ್ದರು. ವರ್ಷಾಂತ್ಯಕ್ಕೆ ಅವು ಗೀರಿಲ್ಲದೆ ಸಿಗಬೇಕು ಎಂದು ಕೈಪಿಡಿಯ ಮೊದಲ ಪುಟದಲ್ಲೇ ಇತ್ತು. ಆದ್ದರಿಂದ ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು, ನಲಿವಿನ ಗಂಟೆಯಲ್ಲಿ ಕಪಾಟಿನ ಬಾಗಿಲು ತೆಗೆದು, ಮಕ್ಕಳನ್ನು ಎರಡು ಮೊಳ ದೂರದಲ್ಲಿ ಕೂರಿಸುವ ವ್ಯವಸ್ಥೆ ಮಾಡಿದೆ. ಒಂದು ಸೀಟಿಗೆ ಮಂದಹಾಸ, ಎರಡಕ್ಕೆ ನಗು, ಮೂರಕ್ಕೆ ಮುಕ್ತಾಯ. ಹನ್ನೊಂದು ಗಂಟೆ ಹತ್ತು ನಿಮಿಷದಿಂದ ಹನ್ನೊಂದು ಐವತ್ತರವರೆಗೆ.

ಮೊದಲ ವಾರ ಮಕ್ಕಳಿಗೆ ತ್ರಾಸಾಯಿತು. ಕೆಲವರು ಮೂರನೇ ಸೀಟಿಯ ನಂತರವೂ ನಗುತ್ತಿದ್ದರು, ನನ್ನನ್ನು ನೋಡಿ ನಗುತ್ತಿದ್ದಾರೆ ಎಂದು ತಡವಾಗಿ ತಿಳಿಯಿತು. ದುರ್ಗಾ ಮಾತ್ರ ಎರಡು ಸೀಟಿ ಬಿದ್ದೊಡನೆ ಬಾಯನ್ನು ಅಗಲ ತೆರೆದು, ಹಲ್ಲು ತೋರಿಸಿ, ಒಂದಿಷ್ಟೂ ಸದ್ದಿಲ್ಲದೆ ನಗುತ್ತಿದ್ದಳು. ಮೂರನೆಯದಕ್ಕೆ ಟಪ್ಪನೆ ಮುಚ್ಚುತ್ತಿದ್ದಳು.

"ಸರ್, ಹುಡುಗಿ ಮತ್ತೆ ಮಾತು ಬಿಟ್ಟಳು," ಎಂದರು ಅಕ್ಕೋರು.

"ಅನುಮೋದನೆ ಬರಲಿ ಅಕ್ಕೋರೇ," ಎಂದೆ.

ಅನುಮೋದನೆಗಾಗಿ ನಾನು ಬರೆದ ನೆನಪೋಲೆ ಐದು. ನನ್ನಿಂದ ಆಗುವುದನ್ನು ನಾನು ಮಾಡಿದೆ. ಫೆಬ್ರವರಿ ಕೊನೆಗೆ ಉತ್ತರ ಬಂತು. ಚಿಪ್ಪಿಗಳು ಒಂದೇ ಅಳತೆಯಲ್ಲಿಲ್ಲ, ತಯಾರಕರ ಹೆಸರು ನಮೂದಾಗಿಲ್ಲ, ವಾಸನೆ ಇದೆ, ಆದ್ದರಿಂದ ತಿರಸ್ಕರಿಸಿದೆ. ಮಾದರಿಗಳು ಪರಿಶೀಲನೆಯಲ್ಲಿ ವಿನಿಯೋಗವಾಗಿರುವುದರಿಂದ ಹಿಂತಿರುಗಿಸಲು ಬರುವುದಿಲ್ಲ. ಫ್ಯಾನಿನ ಗಾಳಿಗೆ ಹಾರದಂತೆ ಕಚೇರಿಯ ಪ್ರತಿ ಕಡತದ ಮೇಲೂ ಒಂದೊಂದು ಚಿಪ್ಪಿ ಕೂತಿದೆ ಎಂದು ಮಂಗೇಶರು ಆಮೇಲೆ ಖಾಸಗಿಯಾಗಿ ತಿಳಿಸಿದರು. ಬಹಳ ಉಪಯೋಗಕ್ಕೆ ಬಂದಿದೆಯಂತೆ.

ಮಾರ್ಚಿನಲ್ಲಿ ನಲಿವಿನ ತಪಾಸಣೆ. ಮೂವರು ಬಂದರು, ಗಡಿಯಾರ ಹಿಡಿದು ಕೂತರು. ನಾನು ಸೀಟಿ ಊದಿದೆ. ಉಳಿದ ಮಕ್ಕಳ ನಗು ಏರುಪೇರಾಗಿದೆ, ಪಕ್ಕದ ತರಗತಿಗೆ ಕೇಳಿಸುತ್ತದೆ ಎಂದು ಟಿಪ್ಪಣಿಯಾಯಿತು. ದುರ್ಗಾಳ ನಗು ಆರಂಭದಲ್ಲೂ ಮುಕ್ತಾಯದಲ್ಲೂ ಕರಾರುವಾಕ್ಕಾಗಿತ್ತು, ಪಕ್ಕದವರಿಗೆ ಕೂಡ ಅಡಚಣೆಯಿರಲಿಲ್ಲ. 'ಶಿಸ್ತಿನ ನಗುವಿನಲ್ಲಿ ಪ್ರಥಮ' ಎಂಬ ಪ್ರಮಾಣಪತ್ರ, ಫೋಟೋ, ಶಾಲು. ಮುಂದಿನ ವರ್ಷದ ಕೈಪಿಡಿಯ ಮುಖಪುಟಕ್ಕೆ ಅವಳದೇ ಮುಖ. ನಮ್ಮ ಶಾಲೆಗೆ ಇಂಥ ಗೌರವ ಹಿಂದೆಂದೂ ಬಂದಿರಲಿಲ್ಲ.

ಪರೀಕ್ಷೆಯ ಮರುದಿನ ಮಂಜಿ ಬಂದಳು. ನಾನೇ ಎದ್ದು ಹೋಗಿ ಪ್ರಮಾಣಪತ್ರ ಅವಳ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು. ಇದರಲ್ಲಿ ಏನು ಬರೆದಿದೆ ಎಂದು ಕೇಳಿದಳು, ಓದಿ ಹೇಳಿದೆ.

"ಅದು ಸರಿ. ನೂರು ಎಣಿಸ್ತದ್ಯಾ?"

ಅಕ್ಕೋರು ನನ್ನ ಮುಖ ನೋಡಿದರು. ನಾನು ದುರ್ಗಾಳನ್ನು ಕರೆದು, ಎಣಿಸು ಮಗಾ, ನಿಧಾನಕ್ಕೆ ಎಣಿಸು ಎಂದೆ. ಅವಳು ನನ್ನ ಕೊರಳಲ್ಲಿ ನೇತಾಡುತ್ತಿದ್ದ ಸೀಟಿಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಾಯಿ ಅಗಲ ತೆರೆದು, ಹಲ್ಲು ತೋರಿಸಿ, ಸದ್ದಿಲ್ಲದೆ ನಕ್ಕಳು.

ಮಂಜಿ ಬೈಯಲಿಲ್ಲ. ಪ್ರಮಾಣಪತ್ರವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬಹುಮಾನ ಬಂತಲ್ಲ ಸರ್, ಅಷ್ಟು ಸಾಕು. ಇನ್ನು ಕೂಸು ನೋಡಲಿ."

ಪ್ರಶಸ್ತಿ ಪಡೆದ ಮಗು ಶಾಲೆ ಬಿಟ್ಟರೆ ಪ್ರಶಸ್ತಿ ಹಿಂದಿರುಗಿಸಬೇಕು ಎಂಬ ನಿಯಮವಿದೆ. ಆದ್ದರಿಂದ ದುರ್ಗಾ ಶಾಲೆ ಬಿಟ್ಟಿಲ್ಲ. ಮೂರನೇತ್ತಿಯ ಹಾಜರಿಯಲ್ಲಿ ಅವಳ ಹೆಸರಿದೆ, ದಿನವೂ ಬರುತ್ತಾಳೆ. ನಾಲ್ಕನೇ ಪ್ರಶ್ನೆಗೆ ಈ ವರ್ಷ ನಾನು 'ಇಲ್ಲ' ಎಂದು ಬರೆದೆ, ಅಭಿನಂದನಾ ಪತ್ರ ಬಂತು. ಅಕ್ಕೋರೂ ಈಗ ಸೀಟಿ ಚೆನ್ನಾಗಿ ಊದುತ್ತಾರೆ. ಅವರ ಉತ್ಸಾಹದ ಬಗ್ಗೆ ನಾನು ಮತ್ತೆ ಹೇಳಬೇಕಾಗಿ ಬಂದಿಲ್ಲ.

ಮೊನ್ನೆ ಶಾಲೆ ಬಿಟ್ಟು ಬಸ್ಸಿಗೆ ಹೋಗುವಾಗ ಮಂಜಿಯ ಮನೆಯ ಬೇಲಿ ಬದಿಯಲ್ಲಿ ನಿಂತೆ. ದುರ್ಗಾ ಜಗಲಿಯಲ್ಲಿ ಕೂತು, ಕೂಸನ್ನು ಕಾಲ ಮೇಲೆ ಕೂರಿಸಿಕೊಂಡು, ಬಳಚಿನ ಚಿಪ್ಪಿ ಒಂದೊಂದೇ ಎತ್ತಿಡುತ್ತ ಗಟ್ಟಿಯಾಗಿ ಎಣಿಸುತ್ತಿದ್ದಳು. ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು. ಕೂಸು ಕೇಕೆ ಹಾಕಿತು, ಅವಳೂ ಕಿಲಕಿಲ ನಕ್ಕಳು. ಗಡಿಯಾರ ನೋಡಿದೆ, ಐದು ಗಂಟೆ ಹತ್ತು ನಿಮಿಷ. ಶಾಲೆಯ ಅವಧಿಯಲ್ಲ, ಬರೆಯಲು ಬರುವುದಿಲ್ಲ.

ಅಷ್ಟರಲ್ಲಿ ಅವಳು ತಲೆಯೆತ್ತಿ ನನ್ನನ್ನು ಕಂಡಳು. ಚಿಪ್ಪಿ ಕೆಳಗಿಟ್ಟು, ನೆಟ್ಟಗೆ ಕೂತು, ಬಾಯಿ ಅಗಲ ತೆರೆದಳು. ಮರುದಿನ ನಲಿವಿನ ದಾಖಲೆ ವಹಿಯಲ್ಲಿ ಅವಳ ಹೆಸರಿನ ಮುಂದೆ ಎಂದಿನಂತೆ ನಲವತ್ತು ನಿಮಿಷ ಎಂದು ಬರೆದೆ.