ಹುರಳಿಯ ಮೇಲೆ ಡ್ರೈವಿಂಗ್ ಪಾಠ

ಕಾರಿನಲ್ಲಿ ಸ್ಟೇರಿಂಗ್ ಹಿಡಿದವರಿಗಿಂತ ಪಕ್ಕದಲ್ಲಿ ಕುಳಿತವರಿಗೇ ಡ್ರೈವಿಂಗ್ ಚೆನ್ನಾಗಿ ಬರುತ್ತದೆ. ತಗ್ಗು ಬರುವ ಮೊದಲೇ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ. ಎದುರಿಗೆ ಬರುವ ಲಾರಿಯವನ ಬುದ್ಧಿ ಎಂಥದೆಂದು ಅವರಿಗೆ ಹರದಾರಿ ದೂರದಿಂದಲೇ ತಿಳಿಯುತ್ತದೆ. ಇಷ್ಟೆಲ್ಲ ತಿಳಿದ ಮನುಷ್ಯನಿಗೆ ಕಾನೂನು ಕೂಡ ಮರ್ಯಾದೆ ಕೊಟ್ಟಿದೆ. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇದ್ದವರೊಬ್ಬರು ಕೂಡಲೇಬೇಕಂತೆ. ಹಾಗೆ ಕೂತವರು ಏನನ್ನು ಕಲಿಸಬಾರದು ಎಂಬುದನ್ನು ಮಾತ್ರ ಆ ಕಾನೂನು ಹೇಳಿದಂತಿಲ್ಲ. ಹೇಳಿದ್ದರೆ ನನ್ನ ಮೊಮ್ಮಗಳು ರೇಣುಕಾ ಇವತ್ತು ನಮ್ಮೂರ ಪಂಚಾಯಿತಿಯ ಕಸದ ಗಾಡಿ ಓಡಿಸುತ್ತಿದ್ದಳು.

ನಮ್ಮೂರು ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿ. ಪಂಚಾಯಿತಿಗೆ ಹೊಸ ಕಸದ ಗಾಡಿ ಬಂದಾಗ ಅದನ್ನು ಹೆಣ್ಣುಮಕ್ಕಳೇ ಓಡಿಸಬೇಕೆಂದು ಗೊತ್ತಾಯಿತು. ರೇಣುಕಾ ಮತ್ತು ಕೆಳಗಿನ ಓಣಿಯ ಶಾಂತಾ ಹೆಸರು ಕೊಟ್ಟರು. ಮೊದಲು ಲೈಸೆನ್ಸ್ ತಂದವರಿಗೆ ಗಾಡಿ ಎಂದು ತೀರ್ಮಾನವಾಯಿತು. ರೇಣುಕಾಗೆ ಆಗ ಹತ್ತೊಂಬತ್ತು. ಪಿಯುಸಿ ಮುಗಿಸಿದ್ದಳು, ಮನೆಯಲ್ಲಿ ಗಂಡು ನೋಡುವ ಮಾತು ಸುರುವಾಗಿತ್ತು. "ನೌಕರಿ ಹಿಡದ್ರ ಎರಡ ವರ್ಷ ಲಗ್ನದ ಮಾತ ಎತ್ತೂದಿಲ್ಲ" ಎಂದು ನನ್ನ ಮಗ ಅವಳಿಗೆ ಮಾತು ಕೊಟ್ಟಿದ್ದ. ಹೀಗಾಗಿ ಅವಳಿಗೆ ಆ ಗಾಡಿಯ ಮೇಲೆ ಎಷ್ಟು ಜೀವವಿತ್ತೆಂದರೆ, ಪಕ್ಕದ ಮನೆಯವರು ಕಸ ಚೆಲ್ಲುವುದನ್ನು ನೋಡಿದರೂ ಮುಖ ಅರಳುತ್ತಿತ್ತು.

ಶಿರಹಟ್ಟಿಯಲ್ಲಿ ಡ್ರೈವಿಂಗ್ ಕಲಿಸುವವರ ಹತ್ತಿರ ಸೇರಿಸೋಣ ಎಂದ ಮಗ. ಶಾಂತಾ ಅಲ್ಲಿಗೇ ಹೋಗುತ್ತಿದ್ದಳು. ನಾನು ಕೇಳಬೇಕಲ್ಲ! "ಮನ್ಯಾಗ ಕಾರೈತಿ, ಕಲಸಾಕ ನಾ ಅದೀನಿ. ಹೊರಗ್ಯಾಕ?" ಎಂದೆ. ನಾನು ಲೈಸೆನ್ಸ್ ಮಾಡಿಸಿದಾಗ ನಾವೆಲ್ಲ ಇನ್ನೂ ಧಾರವಾಡ ಜಿಲ್ಲೆಯವರು. ಗದಗ ಜಿಲ್ಲೆ ಆಮೇಲೆ ಹುಟ್ಟಿದ್ದು. ಜಿಲ್ಲೆಗಿಂತ ಹಿರಿಯ ಡ್ರೈವರ್ ನಾನು ಎಂದು ಕಟ್ಟೆಯ ಮೇಲೆ ಹೇಳಿಕೊಳ್ಳುತ್ತಿದ್ದೆ. ಆ ಹಿರಿಯ ಡ್ರೈವರ್ ಓಡಿಸಿದ್ದೆಷ್ಟು ಎಂದು ಯಾರೂ ಕೇಳಿರಲಿಲ್ಲ. ಸೊಸೈಟಿಯ ಗುಮಾಸ್ತಿಕೆಯಿಂದ ನಿವೃತ್ತನಾದಾಗ ಕೊಂಡ ಹಳೆಯ ಕಾರು, ಲಕ್ಷ್ಮೇಶ್ವರದ ಕಡೆ ಯಾರದಾದರೂ ಮದುವೆಯಿದ್ದರೆ ಹೊರಗೆ ಬರುತ್ತಿತ್ತು. ಅದಕ್ಕೆ ನಾಲ್ಕನೇ ಗೇರು ಇದೆಯೆಂಬುದನ್ನು ಕಾರು ಮಾರಿದವನ ಮಾತಿನ ಮೇಲೆ ನಂಬಿದ್ದೆ.

ಪಾಠ ಸುರುವಾದದ್ದು ಸುಗ್ಗಿಯ ಕಾಲದಲ್ಲಿ. ನಮ್ಮ ಕಡೆ ಆಗ ಡಾಂಬರು ರಸ್ತೆಯೇ ಕಣ. ರಸ್ತೆಯ ಒಂದು ಬದಿಗೆ ಹುರಳಿ ಹರವಿಬಿಟ್ಟರೆ, ಹೋಗಿ ಬರುವ ಗಾಡಿಗಳ ಗಾಲಿಗೆ ಸಿಕ್ಕು ಕಾಳು ತಾನೇ ಉದುರುತ್ತದೆ. ಹಾಗೆ ಹರವಬಾರದು ಎಂದು ಎಲ್ಲರಿಗೂ ಗೊತ್ತು, ಗೊತ್ತಿದ್ದೇ ಹರವುತ್ತಾರೆ. ನಾಲ್ಕನೆಯ ದಿನವೋ ಐದನೆಯ ದಿನವೋ, ರೇಣುಕಾ ಆಮೆಯ ನಡಿಗೆಯಲ್ಲಿ ಕಾರು ತರುತ್ತಿದ್ದಾಗ, ಹುರಳಿ ಹರವಿ ಕೂತಿದ್ದ ಇಮಾಮಸಾಬ ಅಡ್ಡ ಬಂದು ಕೈ ಮಾಡಿದ.

"ಗುಮಾಸ್ತರ, ನಿಂದರಸ್ರಿ! ಮಂದಿ ಎಲ್ಲಾ ಭರ್ ಅಂತ ಹೋಗ್ತಾರ್ರಿ, ಕಾಳ ಒಡದ ಹೋಗ್ತಾವು. ನಿಮ್ಮ ಮೊಮ್ಮಗಳು ನೋಡ್ರಿ, ಕಣದಾಗ ತುಳಿಯೋ ಹಂತಿ ಎತ್ತಿನಂಗ ಎಷ್ಟ ಚೆಂದ ನಿಧಾನಕ್ಕ ಹೊಡೀತಾಳ! ಇನ್ನೊಂದ ನಾಕ ಸಲ ಹಾಯಿಸ್ರಿ, ಪುಣ್ಯಾ ಬರತೈತಿ."

"ಏನ್ ಕಾಕಾ, ನನ್ನ ಎತ್ತ ಮಾಡಿದ್ರ್ಯಾ?" ಎಂದು ರೇಣುಕಾ ನಕ್ಕಳು.

"ಎತ್ತಿನ ಹಣೇಬರಾನ ಚೊಲೋ ಐತವ್ವಾ. ಅದಕ್ಕ ಯಾರೂ ಲೈಸೆನ್ಸ್ ಕೇಳೂದಿಲ್ಲ."

ಹಾಯಿಸಿದೆವು. ಮುಂದೆ ಹೋಗುವುದು, ಹಿಂದೆ ಬರುವುದು, ತಿರುಗಿಸುವುದು. ಅಭ್ಯಾಸಕ್ಕೆ ಇದಕ್ಕಿಂತ ಬೇರೆ ಏನು ಬೇಕು ಎಂದು ನನಗೆ ಅನ್ನಿಸಿತು. ಕಾಳು ಒಕ್ಕಿ ರಾಶಿ ಮಾಡುವ ಕೆಲಸ ತಿಳಿದವನಾದ್ದರಿಂದ ಒಂದು ಸೂಕ್ಷ್ಮವನ್ನೂ ಹೇಳಿಕೊಟ್ಟೆ. "ಹಾದ ಜಾಗಾಕ್ಕ ಮತ್ತ ಹಾಯಬ್ಯಾಡ. ಗಾಲಿ ಒಂದ ಗೇಣ ಎಡಕ್ಕ, ಮುಂದ ಒಂದ ಗೇಣ ಬಲಕ್ಕ. ಅಂದ್ರ ಎಲ್ಲಾ ಕಾಳೂ ಉದರತಾವು." ಹುಡುಗಿ ಚುರುಕು. ಎರಡೇ ದಿನದಲ್ಲಿ ಆ ಕೈ ಕುದುರಿಬಿಟ್ಟಿತು.

ಸುದ್ದಿ ಊರು ತುಂಬ ಆಯಿತು. "ಗುಮಾಸ್ತರ, ನಾಳೆ ನಮ್ಮ ಕಡ್ಲಿಗೆ ಬರ್ರಿ" ಎಂದು ಮನೆಗೆ ಬಂದು ಕರೆಯುವವರಾದರು. ನಿವೃತ್ತನಾದ ಮೇಲೆ ನನ್ನನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ. ಸೊಸೈಟಿಯಲ್ಲಿದ್ದಾಗ ನೂರು ಜನ ನಮಸ್ಕಾರ ಮಾಡುತ್ತಿದ್ದರು. ಆ ನಮಸ್ಕಾರಗಳೆಲ್ಲ ಕುರ್ಚಿಗೆ ಸಲ್ಲುತ್ತಿದ್ದವೆಂದು ತಿಳಿದದ್ದು ಕುರ್ಚಿ ಬಿಟ್ಟ ಮೇಲೆ. ಈಗ ಮತ್ತೆ ಚಹಾ ಬಂತು, ಅದರಲ್ಲಿ ಯಾಲಕ್ಕಿಯೂ ಬಂತು. ಕಿಟಕಿಯ ಮೇಲೆ ಮೊಣಕೈ ಇಟ್ಟು, ಮೆರವಣಿಗೆಯ ಮದುಮಗನಂತೆ ನಾನು ಕೂತಿರುತ್ತಿದ್ದೆ. ಕಾಳಿನ ಮೇಲೆ ಜಾರಿ ಬೀಳುವುದರಲ್ಲಿ ಉಳಿದುಕೊಂಡ ಒಬ್ಬ ಬೈಕಿನವನು, "ರಸ್ತಾ ನಿಮ್ಮಪ್ಪಂದೇನು?" ಎಂದು ಕೂಗಿ ಹೋದ. ಅವನ ಪ್ರಶ್ನೆ ಸರಿಯಾಗಿತ್ತು. ನನಗೆ ಆಗ ಕೇಳಿಸಿದ್ದು ಬೈಗುಳವಷ್ಟೇ.

"ಅಜ್ಜಾ, ಇವತ್ತರೆ ಲಕ್ಷ್ಮೇಶ್ವರ ಬಜಾರಕ್ಕ ಹೋಗೂಣು. ಗದ್ಲದಾಗ ಹೊಡದಿಲ್ಲ ನಾ. ಮೂರನೇ ಗೇರ ಸುದ್ದಾ ಹಾಕಿಲ್ಲ" ಎಂದಳು ರೇಣುಕಾ ಒಂದು ದಿನ.

"ಹೋಗೂಣಂತ. ಇಮಾಮಸಾಬನ ಹುಳ್ಳಿ ಮುಗೀಲಿ."

ಒಳಗಿನಿಂದ ಸೊಸೆ ನೀಲವ್ವ ಕೇಳಿದಳು: "ಮಾಮಾರ, ಹುಡುಗಿ ಡ್ರೈವಿಂಗ್ ಕಲಿಯಾಕತ್ತಾಳೋ, ರಾಶಿ ಮಾಡಾಕತ್ತಾಳೋ?"

"ಎರಡೂ" ಎಂದು ನಾನೇ ನಕ್ಕೆ. ರೇಣುಕಾ ನಗಲಿಲ್ಲ. ಕೀಲಿಕೈ ತೆಗೆದುಕೊಂಡು ಸುಮ್ಮನೆ ಕಾರಿನ ಕಡೆಗೆ ಹೋದಳು. ಹಿರಿಯರ ಮಾತು ಮೀರದ ಮಕ್ಕಳು ಮನೆಯಲ್ಲಿದ್ದರೆ ಹಿರಿಯರು ಬಹಳ ಎಚ್ಚರದಿಂದಿರಬೇಕು. ನಾನು ಹಾಗಿರಲಿಲ್ಲ.

ಗದಗಿನಲ್ಲಿ ಪರೀಕ್ಷೆ. ಎಂಟರ ಆಕಾರದಲ್ಲಿ ಓಡಿಸು ಎಂದರು, ಓಡಿಸಿದಳು. ಹಿಂದಕ್ಕೆ ತೆಗೆ ಎಂದರು. ಎಷ್ಟು ನಾಜೂಕಾಗಿ ತೆಗೆದಳೆಂದರೆ ಇನ್ಸ್‌ಪೆಕ್ಟರರೇ ತಲೆಯಾಡಿಸಿದರು. ನನ್ನ ಎದೆ ಉಬ್ಬಿತು. ಆಮೇಲೆ ಹೊರಗಿನ ರಸ್ತೆ. ಇನ್ಸ್‌ಪೆಕ್ಟರರು ಅವಳ ಪಕ್ಕದಲ್ಲಿ ಕೂತರು. ವಯಸ್ಸು ನೋಡಿ ನನ್ನನ್ನು ಹಿಂದಿನ ಸೀಟಿಗೆ ಬಿಟ್ಟುಕೊಂಡರು. ಖಾಲಿ ರಸ್ತೆ, ಒಂದು ನಾಯಿಯೂ ಅಡ್ಡ ಇಲ್ಲ. "ನೆಟ್ಟಗ ಹೋಗವ್ವಾ" ಎಂದರು.

ಕಾರು ಒಂದು ಗೇಣು ಎಡಕ್ಕೆ ಹೋಯಿತು. ಆಮೇಲೆ ಒಂದು ಗೇಣು ಬಲಕ್ಕೆ. ಮತ್ತೆ ಎಡಕ್ಕೆ.

"ಏನವ್ವಾ, ರಸ್ತಾದ ಮ್ಯಾಲ ರಂಗೋಲಿ ಹಾಕಾಕತ್ತೀಯೇನು?"

ಹುಡುಗಿ ಬೆವರಿದಳು. ಸರಿಪಡಿಸಲು ಹೋದಷ್ಟೂ ಕೈ ತಾನು ಕಲಿತದ್ದನ್ನೇ ಮಾಡುತ್ತಿತ್ತು. ಮೂರನೇ ಗೇರು ಹಾಕು ಎಂದಾಗ ಕತ್ತಲಲ್ಲಿ ಚಪ್ಪಲಿ ಹುಡುಕುವವರಂತೆ ತಡಕಾಡಿದಳು. ಕಾರು ಜಗ್ಗಿ ನಿಂತಿತು. "ಯಾರ ಕಲಿಸ್ಯಾರ ನಿನಗ?" ಎಂದು ಕೇಳಿದರು ಇನ್ಸ್‌ಪೆಕ್ಟರರು.

ಕನ್ನಡಿಯಲ್ಲಿ ಅವಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. "ನಾನ ಕಲತೇನ್ರಿ ಸರ್" ಎಂದಳು.

ಜಿಲ್ಲೆಗಿಂತ ಹಿರಿಯ ಡ್ರೈವರ್ ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ. "ನಾನ್ರಿ ಕಲಿಸಿದಾಂವ, ಹುಡುಗಿದೇನೂ ತಪ್ಪಿಲ್ಲ" ಎಂಬಷ್ಟು ಮಾತು ಹೇಳಿದ್ದರೆ ಫಲಿತಾಂಶವೇನೂ ಬದಲಾಗುತ್ತಿರಲಿಲ್ಲ. ಆದರೂ ಹೇಳಬೇಕಿತ್ತು. ಊರಿಗೆ ಬರುವವರೆಗೆ ದಾರಿಯುದ್ದಕ್ಕೂ ಬೆಳೆ ಹರವಿದವರು ನಮ್ಮ ಕಾರಿಗೆ ಕೈ ಬೀಸುತ್ತಿದ್ದರು. ನಾನು ಕಿಟಕಿ ಏರಿಸಿಕೊಂಡೆ.

ಶಾಂತಾ ಅದೇ ವಾರ ಪಾಸಾದಳು, ಗಾಡಿ ಅವಳಿಗೆ ಹೋಯಿತು. ರೇಣುಕಾಗೆ ಆಮೇಲೆ ಮಗನೇ ಲಕ್ಷ್ಮೇಶ್ವರ ಬಜಾರಿನಲ್ಲಿ ಕಲಿಸಿದ. ಎರಡನೆಯ ಸಲ ಪಾಸಾಗಿ ಲೈಸೆನ್ಸ್ ಬಂತು. ಓಡಿಸಲು ಗಾಡಿಯಿಲ್ಲದ ಲೈಸೆನ್ಸ್ ಕಪಾಟಿನಲ್ಲಿದೆ. ಗಂಡು ನೋಡುವ ಮಾತು ಮತ್ತೆ ಸುರುವಾಯಿತು. ಮುಂಡರಗಿಯ ಕಡೆಯಿಂದ ಬಂದವರು "ಹುಡುಗಿಗೆ ಏನೇನ ಬರತೈತಿ?" ಎಂದು ಕೇಳಿದರೆ, "ಕಾರ ಹೊಡಿಯಾಕ ಬರತೈತ್ರಿ" ಎಂದಳಂತೆ. ಅವರಿಂದ ಇನ್ನೂ ಖಬರು ಬಂದಿಲ್ಲ. ನಾನು ಒಮ್ಮೆ ಧೈರ್ಯ ಮಾಡಿ, "ತಂಗೀ, ನನ್ನಿಂದ ತಪ್ಪಾತು" ಎಂದೆ. "ಇರಲಿ ಬಿಡಜ್ಜಾ" ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಈಗ ದಿನಾ ಮುಂಜಾನೆ ಕಸದ ಬಕೀಟು ಹಿಡಿದು ಬಾಗಿಲಲ್ಲಿ ನಿಲ್ಲುವವನು ನಾನೇ. ತನ್ನದಾಗಬೇಕಿದ್ದ ಸೀಟಿನ ಮುಂದೆ ಅವಳು ಕಸ ಹಿಡಿದು ನಿಲ್ಲುವುದು ಬೇಡ ಎಂದು. ಮೊನ್ನೆ ಶಾಂತಾ ನಮ್ಮ ಇಕ್ಕಟ್ಟಾದ ಓಣಿಯಿಂದ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ, ಬಾಯಿ ಸುಮ್ಮನಿರದೆ "ಸ್ವಲ್ಪ ಎಡಕ್ಕ ತಗೋವಾ" ಎಂದುಬಿಟ್ಟೆ.

"ಅಜ್ಜಾರ, ನೀವೊಬ್ರು ಹೇಳಬ್ಯಾಡ್ರಿ! ನನಗ ನೌಕರಿ ಬೇಕಾಗೇತಿ" ಎಂದಳು.

ಒಳಗಿನಿಂದ ರೇಣುಕಾ ನಕ್ಕದ್ದು ಕೇಳಿಸಿತು. ಪರೀಕ್ಷೆಯಾದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಅಂದಿನಿಂದ ನಾನು ಪ್ರತಿದಿನ ಬೇಕೆಂದೇ ಶಾಂತಾಳಿಗೆ ಒಂದು ತಪ್ಪು ಸಲಹೆ ಕೊಡುತ್ತೇನೆ, ಬೈಸಿಕೊಳ್ಳುತ್ತೇನೆ, ಆಮೇಲೆ ಖಾಲಿ ಬಕೀಟು ಹಿಡಿದು ಸ್ವಲ್ಪ ಹೊತ್ತು ಹೊಸ್ತಿಲಲ್ಲೇ ನಿಲ್ಲುತ್ತೇನೆ. ಕೆಲವು ದಿನ ಒಳಗಿನಿಂದ ನಗು ಕೇಳಿಸುತ್ತದೆ. ಕೆಲವು ದಿನ ಇಲ್ಲ.