ಬೋಳು ಟೈರಿನ ಬಂಡಿ, ಪುಕ್ಕಲು ಅಳಿಯ

ಅಂಜಿದವನ ಮ್ಯಾಲೆ ಕಪ್ಪಿ ಒಗದಂಗ, ನನ್ನ ಪಾಲಿಗೆ ಬರೀ ಇಂಥವೇ ಬರ್ತಾವ. ಕಾಲುವಿಗೆ ನೀರು ಬಿಟ್ಟ ಹೊಸದು. ನಮ್ಮೂರಿಗೇ ಮೊದಲು ಟೈರ್ ಬಂಡಿ ಮಾಡಿಸಿದಾಂವ ನಮ್ಮ ಕಾಕಾ. ಹಿಂದ ಭಾರಕ್ಕ ಕುಂದ್ರಾಂವ ನಾನು. ನನಗ ಈಜು ಬರಂಗಿಲ್ಲ, ರಸ್ತೆ ಕಾಲುವಿ ದಂಡಿಗೇ. ಅಂಜಿಕಿ ಅಂತ ಬಾಯಿ ಬಿಡೂವಂಗೂ ಇಲ್ಲ. ತುರ್ವಿಹಾಳದಾಗ ನನಗ ಹೆಣ್ಣು ಗೊತ್ತು ಮಾಡಿದ್ರು. ಪುಕ್ಕಲಗ ಮಗಳನ್ನ ಕೊಡಂಗಿಲ್ಲ ಅಂತ ಅವರಪ್ಪ ಮೊದಲೇ ಹೇಳಿದ್ದ.

೧. ಸಪ್ಪಳಿಲ್ಲದ ಗಾಲಿ

ನಮ್ಮ ಎತ್ತು ಕಬ್ಬಿಣದ ಗಾಲಿ ಗಡಗಡಕ್ಕ ರೂಢಿ ಆಗಿದ್ವು. ಟೈರಿಗೆ ಸಪ್ಪಳ ಇಲ್ಲ. ಬಂಡಿ ಬಿಚ್ಚ್ಯಾರ ಅಂತ ತಿಳದು ನಡುದಾರ್ಯಾಗ ನಿಂತು ಮೇಯಾಕ ಹತ್ತಿದ್ವು. ಕಾಕಾ ನನ್ನ ಕೈಯಾಗ ಖಾಲಿ ಡಬ್ಬಿ ಕೊಟ್ಟು ಬಡಿ ಅಂದ. ಬಡದೆ. ಎತ್ತು ಬೆದರಿ ಬಂಡಿ ಸಮೇತ ದಿಕ್ಕೆಟ್ಟು ಓಡಿದ್ವು. ಡಂಗುರ ಅಂತ ತಿಳದು ಕಾಲುವಿ ದಂಡಿ ಕ್ಯಾಂಪಿನ ಮಂದಿ ಹೊರಗ ಬಂದ್ರು. ನಾ ಸತ್ತೆ ಸತ್ತೆ ಅಂತ ಒದರಾಕತ್ತಿದ್ದೆ. ಯಾರು ಸತ್ರು, ಯಾವಾಗ ಸತ್ರು ಅಂತ ಎಲ್ಲಾರೂ ಕೇಳಿದ್ರು. ಎತ್ತು ಮಾತ್ರ ಯಾರೂ ಹಿಡೀಲಿಲ್ಲ.

೨. ಹಗ್ಗ ಸುತ್ತಿದ ಟೈರು

ಟೈರು ಲಾರಿಯಿಂದ ಬಿಚ್ಚಿದ್ದು, ಸವದು ಬೋಳಾಗಿದ್ವು. ಒಣ ರಸ್ತೆದಾಗ ಓಟ ಭಾರಿ. ಮಳಿ ಬಿದ್ದ ಎರಿ ಮಣ್ಣಾಗ ಹಿಡಿತ ಇಲ್ಲ, ಕಾಲುವಿ ಕಡೆಗೇ ಜಾರ್ತಿದ್ವು. ನನ್ನ ಜೀವ ಅಂಗೈಯಾಗ. ಕಾಕಾ ಟೈರಿಗೆ ಹಗ್ಗ ಸುತ್ತಿದ. ಹಿಡಿತ ಸಿಕ್ತು, ಖರೆ. ಆದ್ರ ಮಣ್ಣು ಮೆತ್ತಿ ಮೆತ್ತಿ ಗಾಲಿ ತಿರುಗೋದೇ ನಿಂತುಹೋತು. ಎತ್ತು ಹಂಗೇ ಎಳಕೊಂಡು ಹ್ವಾದ್ವು, ರಸ್ತೆ ಉದ್ದಕ್ಕೂ ಸಾಲು ಬಿತ್ತು. ಪಕ್ಕದ ಹೊಲದಾಂವ, ಬೀಜ ತರ್ಲೇನು ಅಂತ ಕೇಳಿದ.

೩. ಶರ್ಯತ್ತು

ಒಂದು ಸಂತಿ ದಿನ ಆಗಬೇಕಾದ ಮಾವನೇ ಕಬ್ಬಿಣದ ಗಾಲಿ ಬಂಡಿ ಹೂಡಿಕೊಂಡು ಬಂದು, ಸಿಂಧನೂರಿಗೆ ಯಾರು ಮುಂದ ಅಂತ ಕಾಕಾನ್ನ ಕೆಣಕಿದ. ಮಳಿ ಆಗಿತ್ತು. ಮಾವ ತಿರುವಿನಾಗ ಹಗ್ಗ ಜಗ್ಗಿ ನಿಧಾನ ಮಾಡಿ, ದಾರಿ ನೆಟ್ಟಗಾದ ಮ್ಯಾಲೆ ಎತ್ತು ಓಡಾಕ ಬಿಡ್ತಿದ್ದ. ಗಾಲಿ ಮಣ್ಣು ಕೊಯ್ದು ಗಟ್ಟಿ ಹಿಡೀತಿದ್ವು. ಕಾಕಾ ತಿರುವಿನಾಗೂ ಬಾರಕೋಲು ಎತ್ತಿದ. ನಮ್ಮ ಬಂಡಿ ಹಿಂಭಾಗ ಸರ್ರಂತ ಕಾಲುವಿ ಕಡೆ ಜಾರ್ತು. ಕೆಳಗ ರಾಡಿ ನೀರು ಸುಳಿ ತಿರಗಾಕತ್ತಿತ್ತು. ಮದವಿ ಹೋದ್ರ ಹೋಗ್ಲಿ, ಜೀವ ಉಳೀಲಿ ಅಂತ ಈಚೆ ಕಡೆ ಜಿಗದು ಓಡಿದೆ. ಹಿಂದ ಮಾವನ ಗಾಲಿ ಗಡಗಡ ಕೇಳಿದಷ್ಟೂ ಇನ್ನೂ ಜೋರು ಓಡಿದೆ. ನಿಂತು ನೋಡ್ತೀನಿ, ಸಿಂಧನೂರು ಸಂತಿ. ಎರಡೂ ಬಂಡಿ ಆಮ್ಯಾಲೆ ಬಂದ್ವು.

ಮಾವ ನನ್ನ ಮ್ಯಾಲಿಂದ ಕೆಳಗ ನೋಡಿ ಕಾಕಾನ್ನ ಕೇಳಿದ: "ಬೀಗರ, ಹಿಂಗ ಓಡಾಂವ ನಾಳೆ ನನ್ನ ಮಗಳನ್ನ ಬಿಟ್ಟು ಓಡಿದ್ರ?"

ಕಾಕಾ ಮಾರಿ ಮ್ಯಾಲಿನ ರಾಡಿ ಒರಸಿಕೊಂಡು ಅಂದ: "ನೀವೇನೂ ಚಿಂತಿ ಮಾಡಬ್ಯಾಡ್ರಿ. ನಿಮ್ಮ ಮಗಳನ್ನ ಬಿಟ್ಟು ಓಡಾಕ ಧೈರ್ಯ ಬೇಕಲ್ರೀ."

ತನ್ನ ಮನಿಯಾಕಿ ನೆನಪಾದ್ಲೋ ಏನೋ, ಮುಹೂರ್ತ ನೋಡಸ್ರಿ ಅಂದ ಮಾವ.