ಸೊಸೆಯ ಕಣ್ಣು ರಿಪೇರಿ

ತಿರ್ಲಾಪುರದ ಬಸವಣ್ಣೆಪ್ಪ ಒಂದು ನಿರ್ಧಾರ ಮಾಡಿದ. ಅಂಥಿಂಥ ನಿರ್ಧಾರವಲ್ಲ! ಹುಟ್ಟಲಿರುವ ಮೊಮ್ಮಗು ಈ ಲೋಕಕ್ಕೆ ಬಂದು ಕಣ್ಣು ಬಿಡುವುದರೊಳಗೆ ಸೊಸೆಯ ಕಣ್ಣು ರಿಪೇರಿ ಮಾಡಿಸಿಯೇ ತೀರುವುದು!

"ನಮ್ಮ ಮನಿತನದಾಗ ಇಲ್ಲೀತನಕ ಯಾರ ಕಣ್ಣಿಗೂ ಏನೂ ಆಗಿಲ್ಲ," ಎಂದು ಎದೆ ತಟ್ಟಿಕೊಂಡ. "ಅಂಥಾ ಮನ್ಯಾಗ ಈ ದೋಷ ಕಾಲಿಡಾಕ ನಾ ಬಿಡಂಗಿಲ್ಲ!"

"ಬಿಡಬ್ಯಾಡ್ರಿ," ಎಂದಳು ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಮೈಲಾರವ್ವ.

"ಹೌದಪಾ, ಕೂಸಿಗೂ ಬಂದ್ರ ಏನ್ ಗತಿ?" ಎಂದ ಮಗ ಮಾಂತೇಶ. ಅವನ ಹೆಂಡತಿ, ಆರು ತಿಂಗಳ ಬಸುರಿ ಭಾಗ್ಯಾ, ತಲೆ ತಗ್ಗಿಸಿ ಕೂತಿದ್ದಳು.

ಭಾಗ್ಯಾಳ ಕಣ್ಣಿಗೆ ಆಗಿದ್ದಾದರೂ ಏನು ಅಂತೀರಿ? ಮನೆಯ ಉಳಿದ ಮೂವರಿಗೆ ಒಂದೇ ಆಗಿ ಕಾಣುವ ಬಣ್ಣ ಅವಳೊಬ್ಬಳಿಗೆ ಎರಡೆರಡಾಗಿ ಕಾಣುತ್ತಿತ್ತು!

ಮದುವೆಯಾಗಿ ಮಿಶ್ರಿಕೋಟಿಯಿಂದ ಬಂದ ಹೊಸದರಲ್ಲೇ ಇದು ಶುರುವಾಗಿತ್ತು. ಅತ್ತೆ ಒಂದು ಬುಟ್ಟಿ ಟೊಮ್ಯಾಟೊ ಮುಂದಿಟ್ಟುಕೊಂಡು ಒಂದೊಂದನ್ನೇ ಬೆರಳಿನಿಂದ ಒತ್ತಿ ಹಣ್ಣು ಯಾವುದು, ಕಾಯಿ ಯಾವುದು ಎಂದು ಆರಿಸುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಸೊಸೆ, "ಅತ್ತಿ, ಆ ಬಾಜೂಕಿಂದು ಇನ್ನಾ ಕಾಯಿ ಐತ್ರಿ," ಎಂದುಬಿಟ್ಟಳು.

"ಮುಟ್ಟಲಾರದ ಹೆಂಗ ಹೇಳ್ತಿ ಬೇ?"

"ಬಣ್ಣ ಕಾಣತೈತಲ್ರಿ."

"ಬಣ್ಣ ನೋಡಿ ಹಣ್ಣು ಆರಸೂದಿದ್ರ ದೇವ್ರು ನಮಗ ಬೆರಳು ಯಾಕ ಕೊಡ್ತಿದ್ದ?"

ಆ ಮನೆಯಲ್ಲಿ ಅದೇ ಶಾಸ್ತ್ರ. ಟೊಮ್ಯಾಟೊ ಒತ್ತಿ ನೋಡಬೇಕು, ಪಪಾಯಿ ಮೂಸಿ ನೋಡಬೇಕು, ಮೆಣಸಿನಕಾಯಿ ಕಿವಿಯ ಹತ್ತಿರ ಹಿಡಿದು ಗಲಗಲ ಅನ್ನಿಸಿ ನೋಡಬೇಕು. ಮಾಂತೇಶನಂತೂ ಹುಬ್ಬಳ್ಳಿಯ ಸಿಗ್ನಲ್ಲುಗಳಲ್ಲಿ ಮೇಲಿನ ದೀಪ ಹತ್ತಿದರೆ ಗಾಡಿ ನಿಲ್ಲಿಸುತ್ತಿದ್ದ, ಕೆಳಗಿನದು ಹತ್ತಿದರೆ ಬಿಡುತ್ತಿದ್ದ. ಕೆಂಪು, ಹಸಿರು ಎನ್ನುವುದು ಪೊಲೀಸರ ಪರಿಭಾಷೆ ಎಂದೇ ಅವನ ತಿಳುವಳಿಕೆ!

ಒಬ್ಬಳ ಮಾತು ಒಂದು ಕಡೆ, ಮೂವರ ಮಾತು ಒಂದು ಕಡೆ. ಪ್ರಜಾಪ್ರಭುತ್ವದಲ್ಲಿ ಗೆಲ್ಲುವವರು ಯಾರು? ಬರಬರುತ್ತ ಭಾಗ್ಯಾಳಿಗೇ ತನ್ನ ಕಣ್ಣಿನ ಮೇಲೆ ಅನುಮಾನ ಬಂತು. ಕಣ್ಣಿಗೆ ಒಳ್ಳೆಯದೆಂದು ಗುಟ್ಟಾಗಿ ಗಜ್ಜರಿ ತಿಂದಳು. ನುಗ್ಗೆ ಸೊಪ್ಪಿನ ಪಲ್ಲೆ ತಿಂದಳು. ಏನು ತಿಂದರೂ ಎಲೆ ಹಸಿರಾಗಿಯೇ ಕಾಣುತ್ತಿತ್ತು, ಕುಂಕುಮ ಕೆಂಪಾಗಿಯೇ ಕಾಣುತ್ತಿತ್ತು!

ಇಷ್ಟು ದಿನ ಹೊಟ್ಟೆಯಲ್ಲಿ ಹಾಕಿಕೊಂಡಿದ್ದ ಬಸವಣ್ಣೆಪ್ಪ ಈಗ ಸಿಡಿದೆದ್ದದ್ದು ಕುಬಸದ ಸೀರೆಯಿಂದ. ಏಳನೇ ತಿಂಗಳಿಗೆ ಸೊಸೆಯ ಕುಬಸ, ಬಸುರಿಯ ಸೀಮಂತ. ಕುಬಸ ಅಂದರೆ ಹಸಿರು ಸೀರೆ, ಹಸಿರು ಬಳೆ. ಗಂಡ ಹೆಂಡತಿ ಇಬ್ಬರೂ ನವಲಗುಂದಕ್ಕೆ ಹೋಗಿ, ಸೇಲ್ ಹಚ್ಚಿದ್ದ ಕಡೆ ಸೀರೆಯ ಗುಡ್ಡೆಗೆ ಕೈ ಹಾಕಿ, ತಾವೇ ಆರಿಸಿ ತಂದಿದ್ದರು. ಅಂಗಡಿಯವರನ್ನು ಬಣ್ಣ ಕೇಳುವುದು ಬಸವಣ್ಣೆಪ್ಪನ ಜಾಯಮಾನವಲ್ಲ. ಸೊಸೆ ಮಡಿಕೆ ಬಿಚ್ಚಿದಳು. ಬಿಚ್ಚಿದವಳು ಹಾಗೇ ನಿಂತಳು.

"ಮಾವಾರ... ಇದು ಚಾಕಲೇಟ್ ಕಲರ್ ಐತ್ರಿ."

ಬಸವಣ್ಣೆಪ್ಪ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ.

"ಹಸರ!" ಎಂದ ಬಸವಣ್ಣೆಪ್ಪ.

"ಹಸರ!" ಎಂದಳು ಮೈಲಾರವ್ವ.

ಅವ್ವ ಮತ್ತು ಹೆಂಡತಿಯ ನಡುವೆ ಎಂದೂ ಬಾಯಿ ಹಾಕದ ಮಾಂತೇಶ ಕೂಡ, "ಖರೇನ ಹಸರ ಐತಿ ಭಾಗ್ಯಾ," ಎಂದ. ಸುಳ್ಳು ಹೇಳುವ ಹುಡುಗ ಅಲ್ಲ ಅವನು.

"ಬಾಜೂ ಮನಿಯವರಿಗೆ ತೋರಸೂಣ್ರಿ," ಎಂದಳು ಭಾಗ್ಯಾ, ಕಣ್ಣಲ್ಲಿ ನೀರು ತಂದುಕೊಂಡು.

ಬಸವಣ್ಣೆಪ್ಪ ಎದ್ದು ಹೋಗಿ ಬಾಗಿಲು ಹಾಕಿದ. "ನಮ್ಮ ಸೊಸಿ ಕಣ್ಣು ಸರಿ ಇಲ್ಲಂತ ಊರ ತುಂಬ ಡಂಗುರ ಹೊಡಸೂದೇನು? ನಿನ್ನ ಮರ್ಯಾದಿ ಅಂದ್ರ ನಮ್ಮ ಮರ್ಯಾದಿ!" ಕೆಟ್ಟವನಲ್ಲ ಕಣ್ರೀ ಮನುಷ್ಯ. ಸೊಸೆಯ ಮೇಲೆ ಜೀವ ಇಟ್ಟುಕೊಂಡಿದ್ದ. ಅದಕ್ಕೇ ಸಿಟ್ಟೆಲ್ಲ ಬೀಗರ ಕಡೆಗೆ ತಿರುಗಿತು. ಮಿಶ್ರಿಕೋಟಿಗೆ ಫೋನು ಹಚ್ಚಿದ.

"ಸುಭಾಸ ಬೀಗರ, ಎತ್ತು ಮಾರೂಮುಂದೂ ಬಾಯಿ ತಗದು ಹಲ್ಲು ತೋರಸ್ತಾರ. ನೀವು ಹೇಳಲಾರದ ಕೊಟ್ರಿ!"

"ನನ್ನ ಮಗಳು ಎತ್ತೇನ್ರಿ?" ಆ ಕಡೆಯಿಂದ ಭಾಗ್ಯಾಳ ಅಪ್ಪ ಗುಡುಗಿದ.

"ಕಣ್ಣಿಂದು ಹೇಳಬೇಕಿತ್ತೋ ಇಲ್ಲೋ?"

"ಆಕಿ ಕಣ್ಣಿಗೆ ಏನ್ ಧಾಡಿ? ಕತ್ತಲದಾಗ ಸೂಜಿಗೆ ದಾರ ಪೋಣಸ್ತಾಳ!"

"ಹಂಗಾರ ನವಲಗುಂದಕ್ಕ ಬರ್ರಿ. ಕಣ್ಣಿನ ಕ್ಯಾಂಪ್ ಹಾಕ್ಯಾರ. ಡಾಕ್ಟರ್ ಹೇಳಲಿ. ದೋಷ ಇದ್ರ ನೀವು ಮಂದಿ ಮುಂದ ಕೈ ಮುಗದು ತಪ್ಪಾತು ಅನ್ನಬೇಕು."

"ಇಲ್ಲಂದ್ರ?"

"ಇಲ್ಲಂದ್ರ ನಾ ಅಂತೀನಿ! ಅಲ್ಲೀಮಟ ಕುಬಸ ಇಲ್ಲ!"

ಸಾಲೆಯೊಂದರ ದೊಡ್ಡ ಕೋಣೆಯಲ್ಲಿ ಕ್ಯಾಂಪು. ಜನವೋ ಜನ! ಧಾರವಾಡದ ಕಡೆಯ ಡಾಕ್ಟರು, ಮೈತ್ರೇಯಿ ಎಂದು ಹೆಸರು. ಬಸವಣ್ಣೆಪ್ಪ ಹೆಂಡತಿ ಮಗನನ್ನು ಎಡಬಲಕ್ಕೆ ನಿಲ್ಲಿಸಿಕೊಂಡು ವಕೀಲನಂತೆ ಗಂಟಲು ಸರಿ ಮಾಡಿಕೊಂಡ. ಎದುರಿಗೆ ಸುಭಾಸ, ಅವನ ಹೆಂಡತಿ ಮಂಜುಳಾ, ಇಬ್ಬರ ಮುಖವೂ ಬಿಗಿದಿತ್ತು.

"ಡಾಕ್ಟರಬಾಯಾರ, ಇಕಿ ನಮ್ಮ ಸೊಸಿ. ಕಣ್ಣೊಂದು ಬಿಟ್ರ ಎಲ್ಲಾ ಬಂಗಾರ. ಬಣ್ಣ ಹೇಳಾಕ ಬರೂದಿಲ್ಲ."

ಡಾಕ್ಟರು ಒಂದು ದಪ್ಪ ಪುಸ್ತಕ ತೆರೆದರು. ಹಾಳೆಯ ತುಂಬ ಬಣ್ಣಬಣ್ಣದ ಚುಕ್ಕಿಗಳು. "ಇದರಾಗ ಯಾವ ನಂಬರ್ ಕಾಣಸ್ತದವಾ?"

"ಎಂಟ್ರಿ," ಎಂದಳು ಭಾಗ್ಯಾ.

ಬಸವಣ್ಣೆಪ್ಪ ಬಗ್ಗಿ ನೋಡಿದ. "ನೋಡ್ರಿ! ಮೂರಕ್ಕ ಎಂಟು ಅನ್ನಾಕತ್ತಾಳ!"

"ಮೂರ!" ಎಂದಳು ಮೈಲಾರವ್ವ.

"ಮೂರ ಐತ್ರಿ," ಎಂದ ಮಾಂತೇಶ.

ಡಾಕ್ಟರು ತುಟಿ ಕಚ್ಚಿಕೊಂಡು ಇನ್ನೊಂದು ಹಾಳೆ ತಿರುವಿದರು. "ಇದು?"

"ನಲವತ್ತೈದು ರಿ."

"ಎಲ್ಲೈತಿ ನಲವತ್ತೈದು?" ಬಸವಣ್ಣೆಪ್ಪ ಹಾಳೆಗೆ ಮೂಗು ಹಚ್ಚಿದ. "ಜ್ವಾಳ ಚೆಲ್ಲಿದಂಗ ಚುಕ್ಕಿ ಅದಾವ ಅಷ್ಟ! ಅಯ್ಯ ಶಿವನ! ಇಲ್ಲದ್ದೂ ಕಾಣಾಕ ಹತ್ತೈತಿ! ಡಾಕ್ಟರಬಾಯಾರ, ದೋಷ ಕಣ್ಣಾಗಿಂದ ತಲಿಗೆ ಏರಿತ್ರೀ!"

ಡಾಕ್ಟರು ಸುಮ್ಮನೆ ಪುಸ್ತಕವನ್ನು ಬೀಗರ ಕಡೆ ತಿರುಗಿಸಿದರು. "ನಲವತ್ತೈದು," ಎಂದ ಸುಭಾಸ. "ನಲವತ್ತೈದು," ಎಂದಳು ಮಂಜುಳಾ.

"ಕೇಳಿದ್ರೆಲ್ಲಾ!" ಬಸವಣ್ಣೆಪ್ಪ ಹಿಗ್ಗಿ ಹೀರೇಕಾಯಿಯಾದ. "ಅಪ್ಪ, ಅವ್ವ, ಮಗಳು! ಇಡೀ ಮನಿತನಾನ ಕೆಟ್ಟೈತಿ!"

ಡಾಕ್ಟರು ಪುಸ್ತಕವನ್ನು ಸರದಿಯಲ್ಲಿ ಕೂತವರ ಕಡೆ ಹಿಡಿದರು. ಒಬ್ಬ ನಲವತ್ತೈದು ಅಂದ. ಇನ್ನೊಬ್ಬಳು ನಲವತ್ತೈದು ಅಂದಳು. ಚೀಟಿ ಕೊಡುತ್ತಿದ್ದ ಜಾಕೀರ್ ಕೂತಲ್ಲಿಂದಲೇ "ನಲವತ್ತೈದು" ಎಂದು ಕೂಗಿದ. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಮಾತ್ರ, "ನನಗೇನೂ ಕಾಣವಲ್ದೋ ಯಪ್ಪಾ," ಎಂದಳು.

"ನೋಡ್ರಿ! ಈ ಯಮ್ಮ ನಮ್ಮ ಕಡೆ!" ಎಂದು ಕುಣಿದ ಬಸವಣ್ಣೆಪ್ಪ.

"ಆಕಿ ಎರಡೂ ಕಣ್ಣಿಗೆ ಪೊರೆ ಬಂದದ ಕಾಕಾ," ಎಂದರು ಡಾಕ್ಟರು. "ನೀವು ಮೂರೂ ಮಂದಿ ಇಲ್ಲೆ ಕೂಡ್ರಿ."

ಮೂವರೂ ಕೂತರು. ಪುಟ ತಿರುವಿದ್ದೇ ತಿರುವಿದ್ದು. ಮೂವರ ಉತ್ತರವೂ ಒಂದೇ, ಮೂವರದೂ ತಪ್ಪೇ! ಕೊನೆಗೆ ಡಾಕ್ಟರು ಪುಸ್ತಕ ಮುಚ್ಚಿದರು.

"ಕಾಕಾ, ನಿಮ್ಮ ಸೊಸಿ ಕಣ್ಣು ಅಗದಿ ಚೊಕ್ಕ ಅವ. ಬಣ್ಣಗುರುಡು ಇರೋದು ನಿಮಗ. ಕಾಕೂಗ. ನಿಮ್ಮ ಮಗಗ."

ಮೊದಲು ಮಾತು ಹೊರಟದ್ದು ಮಾಂತೇಶನಿಗೆ. "ಅಂದ್ರ ಆ ಸಿಗ್ನಲ್ ದೀಪ... ಖರೇನ ಬ್ಯಾರೆಬ್ಯಾರೆ ಬಣ್ಣ ಅದಾವೇನ್ರಿ?"

"ಅವ. ಕೆಂಪು, ಹಸಿರು ನಿಮಗ ಗೊತ್ತಾಗಂಗಿಲ್ಲ. ಇದು ಹುಟ್ಟಿನಿಂದ ಬರೂದು. ಹೆಚ್ಚಾಗಿ ಗಂಡಸರಿಗೇ ಬರ್ತದ."

"ಗಂಡಸರ ಮ್ಯಾಲ ದೇವರಿಗೆ ಏನ್ ಸಿಟ್ರಿ?" ಎಂದ ಬಸವಣ್ಣೆಪ್ಪ ಕ್ಷೀಣ ಸ್ವರದಲ್ಲಿ.

"ಎತ್ತಿನ ಲೆಕ್ಕದಾಗ ಹೇಳ್ತೀನಿ ಕೇಳ್ರಿ. ಬಣ್ಣ ಕಾಣೋ ಈ ಗುಣದ ಗಾಡಿ ಎಳ್ಯಾಕ ಹೆಂಗಸರಿಗೆ ಜೋಡೆತ್ತು. ಒಂದು ಅಪ್ಪ ಕೊಟ್ಟದ್ದು, ಒಂದು ಅವ್ವ ಕೊಟ್ಟದ್ದು. ಒಂದು ಕುಂಟಿದ್ರೂ ಇನ್ನೊಂದು ಎಳಕೊಂಡು ಹೋಗ್ತದ. ಗಂಡಸರದು ಒಂಟೆತ್ತಿನ ಗಾಡಿ. ಆ ಒಂದು ಎತ್ತೂ ಅವ್ವನ ಕಡಿಂದನ ಬರಬೇಕು. ಅದು ಕುಂಟಿದ್ರ ಗಾಡಿ ನಿಂತಂಗ!"

"ಮತ್ತ ನನಗ್ಯಾಕ ಬಂತ್ರಿ? ನಾ ಹೆಂಗಸಲ್ಲೇನು?" ಎಂದಳು ಮೈಲಾರವ್ವ.

"ನಿಮಗ ಎರಡೂ ಕುಂಟೆತ್ತು ಬಂದಾವ. ನಿಮ್ಮ ಅಪ್ಪಗೂ ಹಿಂಗ ಇದ್ದಿರಬೇಕು. ಅವ್ವನ ಹತ್ರನೂ ಒಂದು ಕುಂಟೆತ್ತು ಇತ್ತು."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು! ಬಸವಣ್ಣೆಪ್ಪ ಹೆಂಡತಿಯ ಕಡೆ ಬೆರಳು ಮಾಡಿದ. "ಕೇಳಿದಿ? ನಿನ್ನ ತವರಮನಿ ದೋಷ ಇದು!"

ಮೈಲಾರವ್ವ ಸೆರಗು ಸಿಗಿಸಿಕೊಂಡು ಎದ್ದಳು. "ಯಾವ ತವರ್ರೀ? ನಮ್ಮವ್ವ ನಿಮ್ಮ ಖಾಸಾ ಅಕ್ಕ! ನಮ್ಮಪ್ಪ ನಿಮ್ಮವ್ವನ ಖಾಸಾ ತಮ್ಮ! ನನ್ನ ತವರಿಗೆ ಉಗುಳಿದ್ರ ಸಿಡಿಯೂದು ನಿಮ್ಮ ಮಾರೀಗೇನ!"

ಇಡೀ ಕ್ಯಾಂಪು ಹೋ ಎಂದಿತು. ಬಸವಣ್ಣೆಪ್ಪ ಮದುವೆಯಾದದ್ದು ಅಕ್ಕನ ಮಗಳನ್ನು. ಆ ಅಕ್ಕ ಮದುವೆಯಾದದ್ದು ಸೋದರಮಾವನನ್ನು. ಹೊಲ ಹೊರಗೆ ಹೋಗಬಾರದು, ಬಂಗಾರ ಹೊರಗೆ ಹೋಗಬಾರದು ಎಂದು ಒಳಗೊಳಗೇ ಕೊಟ್ಟು ತಂದು ಮಾಡಿದ ಮನೆತನ. ಹೊಲ ಉಳಿದಿತ್ತು. ಬಂಗಾರ ಉಳಿದಿತ್ತು. ಅವುಗಳ ಜೊತೆ ಬಣ್ಣಗುರುಡೂ ಭದ್ರವಾಗಿ ಉಳಿದಿತ್ತು! ಮಾಂತೇಶನಿಗೂ ಸೋದರಿಕೆಯಲ್ಲೇ ಹೆಣ್ಣು ತರಬೇಕೆಂದು ಬಸವಣ್ಣೆಪ್ಪ ಹಟ ಹಿಡಿದಿದ್ದ. ಮದುವೆಯಾದರೆ ಭಾಗ್ಯಾಳನ್ನೇ ಎಂದು ಮಾಂತೇಶ ಊಟ ಬಿಟ್ಟು ಕೂತಿದ್ದಕ್ಕೆ ಅಪ್ಪ ಸೋತಿದ್ದ.

ನಗುವೆಲ್ಲ ಅಡಗಿದ ಮೇಲೆ ಬಸವಣ್ಣೆಪ್ಪ ಕುರ್ಚಿಯ ಅಂಚಿಗೆ ಸರಿದ. ದನಿ ಬೇರೆಯಾಗಿತ್ತು. ಅವನಿಗೆ ಈಗ ನಿಜವಾಗಿ ಹೆದರಿಕೆಯಾಗಿತ್ತು.

"ಡಾಕ್ಟರಬಾಯಾರ... ಹುಟ್ಟೂ ಕೂಸಿಗೆ?"

"ಸೊಸಿ ತವರಾಗ ಯಾರಿಗರ ಈ ತೊಂದ್ರಿ ಅದ ಏನು?"

"ಯಾರಿಗೂ ಇಲ್ರಿ," ಎಂದರು ಸುಭಾಸ, ಮಂಜುಳಾ ಒಟ್ಟಿಗೆ.

"ಹಂಗಾದ್ರ ಚಿಂತಿ ಬ್ಯಾಡ. ಗಂಡು ಕೂಸಾದ್ರ ಅದರ ಒಂಟೆತ್ತು ತಾಯಿದು, ಚೊಕ್ಕ ಎತ್ತು. ಅಪ್ಪ ಈ ಎತ್ತು ಮಗಗ ಕೊಡಂಗೇ ಇಲ್ಲ. ಹೆಣ್ಣಾದ್ರ ಅಪ್ಪಂದೊಂದು ಕುಂಟೆತ್ತು ಬರ್ತದ, ಖರೆ, ಆದ್ರ ತಾಯಿದು ಜೋಡಿ ಇರ್ತದಲ್ಲ, ಆಕಿಗೂ ಎಲ್ಲಾ ಬಣ್ಣ ಕಾಣಸ್ತಾವ. ಮುಂದ ಆಕಿ ಮಗಗ ಆ ಕುಂಟೆತ್ತು ಹೋದ್ರೂ ಹೋಗಬಹುದು, ಅದು ಮುಂದಿನ ಮಾತು."

"ಅಂದ್ರ ಕೂಸಿಗೆ ಎಲ್ಲಾ ಕಾಣತೈತಿ?"

"ಎಲ್ಲಾ ಕಾಣಸ್ತದ. ನಿಮ್ಮ ಸೊಸಿ ಪುಣ್ಯಾ."

ಬಸವಣ್ಣೆಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ನಿಂತುಬಿಟ್ಟ. ನಿಂತ ಮೇಲೆ ನಾಚಿಕೆಯಾಯಿತು. ತಲೆಯ ಮೇಲಿನ ಟೊಪ್ಪಿಗೆ ತೆಗೆದು, ಸರದಿಯಲ್ಲಿದ್ದವರೆಲ್ಲ ನೋಡುತ್ತಿದ್ದಂತೆ, ಸುಭಾಸನಿಗೆ ಕೈ ಮುಗಿದ.

"ಬೀಗರ, ತಪ್ಪಾತು."

ಆಮೇಲೆ ಸೊಸೆಯ ಕಡೆ ತಿರುಗಿದ. "ಯವ್ವಾ, ಚೊಲೋ ಕಣ್ಣಿಗೆ ಇಲ್ಲದ ದೋಷ ಹಚ್ಚಿದೆ. ಹೊಟ್ಟ್ಯಾಗ ಹಾಕ್ಕೋ."

ಭಾಗ್ಯಾ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಮಾವಾರ, ನಾ ದಿನಾ ದಿನಾ ಕುರುಡಿ ಆಗಾಕ ಹತ್ತೀನಿ ಅಂತ ತಿಳದಿದ್ನಿ. ಕಣ್ಣು ಚೊಕ್ಕ ಅದಾವಂತ ಗೊತ್ತಾತಲ್ಲ, ನನಗ ಇಷ್ಟ ಸಾಕ್ರಿ."

ಬಸವಣ್ಣೆಪ್ಪ ಡಾಕ್ಟರ ಹತ್ತಿರ ಬಗ್ಗಿ ಪಿಸುಗುಟ್ಟಿದ. "ಔಷಧಿ ಏನರ?"

"ಇಲ್ಲ ಕಾಕಾ."

"ಚಷ್ಮಾ?"

"ಪೂರಾ ವಾಸಿ ಮಾಡೋ ಚಷ್ಮಾ ಇಲ್ಲ. ಬಣ್ಣದ ಮಾತು ಬಂದಾಗ ಸೊಸಿ ಮಾತು ಕೇಳ್ರಿ."

"ಎಷ್ಟು ದಿವಸ್ರಿ?"

"ಜೀವ ಇರೋತನ."

"ಇಷ್ಟು ವರ್ಷ ಹೆಂಡ್ತಿ ಮಾತ ಕೇಳಲಾರದ ಮನಷ್ಯಾಗ ಎಂಥಾ ಕಹಿ ಔಷಧಿ ಕೊಟ್ರಿ ಡಾಕ್ಟರಬಾಯಾರ!" ಎಂದಳು ಮೈಲಾರವ್ವ.

ಬಂದ ಕೆಲಸ ಬಂದ ಕಾಲಲ್ಲೇ ಆಗಲಿ ಎಂದು ಬೀಗರೆಲ್ಲ ಸೇರಿ ಪೇಟೆಯ ಒಂದು ದೊಡ್ಡ ಸೀರೆ ಅಂಗಡಿಗೆ ಹೋದರು. ಗಾದಿಯ ಮೇಲೆ ಸೀರೆಗಳು ಸರಸರ ಬಿಚ್ಚಿದವು. ತಿರ್ಲಾಪುರದ ಮೂವರೂ ಕೈ ಕಟ್ಟಿಕೊಂಡು, ಬಾಯಿ ಕಟ್ಟಿಕೊಂಡು ಕೂತರು. ಅಂಗಡಿಯ ಹುಡುಗ ಹಿರಿಯರನ್ನು ಕೇಳಬೇಕಲ್ಲ, ಒಂದು ಸೀರೆಯನ್ನು ಬಸವಣ್ಣೆಪ್ಪನ ತೊಡೆಯ ಮೇಲೇ ಹಾಸಿದ.

"ಯಜಮಾನ್ರ, ಬಣ್ಣ ಹೆಂಗೈತಿ ಹೇಳ್ರಿ!"

ಬಸವಣ್ಣೆಪ್ಪ ಸೀರೆಯನ್ನು ನೋಡಲಿಲ್ಲ. ಸೊಸೆಯ ಮುಖ ನೋಡಿದ. ತುಟಿ ಅಲುಗದಂತೆ ಕೇಳಿದ, "ಹಸರ ಐತೇನವಾ?"

"ಹೌದ್ರಿ ಮಾವಾರ. ಗಿಣಿ ಹಸರು."

ಅಷ್ಟು ಕಿವಿಗೆ ಬಿದ್ದದ್ದೇ ತಡ, ಬಸವಣ್ಣೆಪ್ಪನ ಎದೆ ಉಬ್ಬಿತು! "ಏನ್ ಹಸರಲೇ ಇದು! ಅಗದಿ ಗಿಣಿ ಹಸರ! ಕಟ್ಟಲೇ, ಕಟ್ಟು!"

ಅಂಗಡಿಯ ಹುಡುಗ ಬೆರಗಾದ. "ಏನ್ ಕಣ್ರೀ ಯಜಮಾನ್ರ ನಿಮ್ಮವು! ಒಂದ ನೋಟಕ್ಕ ಹಿಡದ್ರಲ್ಲ!"

"ಅವು ಅವರ ಕಣ್ಣಲ್ಲೋ ತಮ್ಮಾ," ಎಂದಳು ಮೈಲಾರವ್ವ. "ಸೊಸೀ ಕಡಿಂದ ಕಡಾ ಇಸಗೊಂಡಾರ."